ಹಂಪವ್ವನ ಹೆಬ್ಬೆಟ್ಟು

ಮಂಗಳೂರು, ಯಲಬುರ್ಗಾ ತಾಲೂಕು
ಜಿಲ್ಲೆ ಕೊಪ್ಪಳ (ಇನ್ನು ಮೇಲೆ ರಾಯಚೂರು ಅಲ್ಲ!)
14 ಸೆಪ್ಟೆಂಬರ್ 1997

ಕಡಲು ದಾಟಿದ ಧೀರ, ನನ್ನ ರಂಗದ ಬಲಗೈ, ಹಂಪವ್ವನ ಒಬ್ಬನೇ ಮಗ ಹೊನ್ನೂರಪ್ಪನಿಗೆ ನಾಟಕದ ಮಾಸ್ತರ ಗವಿಸಿದ್ದಪ್ಪನ ಆಶೀರ್ವಾದ.

ಪರದೆ ಏರಿದೆ! ನಿನ್ನ ತಾಯಿ ನನ್ನೆದುರು ಕಟ್ಟೆಯ ಮೇಲೆ ಕೂತಿದ್ದಾಳೆ. ನಿನ್ನ ತಂಗಿ ಕಳಕಮ್ಮ ಬಾಗಿಲಿಗೆ ಒರಗಿ ನಿಂತು, ಮಾಸ್ತರ ಎಲ್ಲಿ ಏನು ಸೇರಿಸುತ್ತಾನೋ ಎಂದು ಕಣ್ಣಿಟ್ಟಿದ್ದಾಳೆ. ಮಾತು ತಾಯಿಯದು, ಲೇಖನಿ ನನ್ನದು. "ಬಿಸಿಲಾಗ ತಲಿಗೆ ವಸ್ತ್ರ ಕಟ್ಕೋ ಅಂತ ಬರಿ ಮಾಸ್ತರ" ಎನ್ನುತ್ತಾಳೆ ಆಕೆ. ನಾನು ಬರೆಯುತ್ತೇನೆ: ಮಗನೇ, ಮಸ್ಕತ್ತಿನ ಉರಿಸೂರ್ಯ ನಿನ್ನ ಶಿರಸ್ಸಿಗೆ ಚಂದ್ರನಾಗಲಿ! ಕಬ್ಬಿಣ ಕಟ್ಟುವ ನಿನ್ನ ಕೈಗಳಿಗೆ ಕಬ್ಬಿಣದ ಬಲ ಬರಲಿ! ಇಷ್ಟು ಗತ್ತಿಲ್ಲದಿದ್ದರೆ ಪತ್ರ ಸಮುದ್ರ ದಾಟೀತೇ?

ಸುದ್ದಿ ಎಂದರೆ, ನಮ್ಮ ಕೊಪ್ಪಳ ಹೋದ ತಿಂಗಳು ಜಿಲ್ಲೆಯಾಯಿತು. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಲ್ಲವೂ ಅದರಲ್ಲಿ ಸೇರಿವೆ. ವಿಳಾಸ ಹಾಗೆಯೇ ಬರಿ. ಯಲಬುರ್ಗಾ ಎಂಬುದನ್ನು ದಪ್ಪಕ್ಷರದಲ್ಲಿ ಬರಿ. ನಿನ್ನ ಹೋದ ಪತ್ರ ಕಡಲ ದಂಡೆಯ ಮಂಗಳೂರಿಗೆ ಹೋಗಿ, ಮೀನು ಸಾರು ಉಂಡು, ತಿಂಗಳಾದ ಮೇಲೆ ನಮ್ಮಲ್ಲಿಗೆ ಬಂತು.

ಎಲ್ಲರೂ ಕ್ಷೇಮ. ಕೆಳಗೆ ನಿನ್ನ ತಾಯಿಯ ಬಲಗೈ ಹೆಬ್ಬೆಟ್ಟು. ಜ್ವಾಳದ ಕೊಯ್ಲಿನಲ್ಲಿ ಕುಡಗೋಲು ಸೀಳಿದ ಗೆರೆ ನಟ್ಟನಡುವೆ ಹೊಲದ ಬದುವಿನಂತೆ ಮೂಡಿದೆ. ಸಹಿಯನ್ನು ಕದಿಯಬಹುದು, ಈ ಗೆರೆಯನ್ನು ಕದಿಯುವ ಕಳ್ಳ ಹುಟ್ಟಿದ್ದಾನೆಯೇ!

ನಿನ್ನ ಮಾಸ್ತರ,
ಗವಿಸಿದ್ದಪ್ಪ

(ಹಂಪವ್ವ, ಬಲಗೈ ಹೆಬ್ಬೆಟ್ಟು)

*

ಮಸ್ಕತ್
2 ನವೆಂಬರ್ 1997

ಮಾಸ್ತರರಿಗೆ ಹೊನ್ನೂರಪ್ಪನ ನಮಸ್ಕಾರ.

ಈ ಪತ್ರವನ್ನು ಅವ್ವನ ಮುಂದೆ ಓದಬೇಡಿ.

ಊರು ಇದ್ದಲ್ಲೇ ಇದ್ದು ಜಿಲ್ಲೆ ಹೇಗೆ ಬದಲಾಗುತ್ತದೆ? ನನ್ನ ಕೋಣೆಯ ಶಬ್ಬೀರಸಾಬ ಗಂಗಾವತಿಯವನು, ಕ್ಯಾಂಪಿನ ಅಡುಗೆಮನೆಯಲ್ಲಿ ಕೆಲಸ. ಅವನನ್ನು ಕೇಳಿದೆ. "ಹೌದಪಾ, ನಮ್ಮ ಮನಿಯವರೂ ಬರದಾರ" ಅಂದ. ಆದರೆ ಅವನಿಗೂ ಪತ್ರ ಬಂದದ್ದು ಅದೇ ವಾರ. ಇಬ್ಬರ ಪತ್ರವನ್ನೂ ಯಾರೋ ಒಂದೇ ಕಡೆ ಕೂತು ಬರೆದಿರಬಹುದಲ್ಲವೇ? ನನ್ನ ಪತ್ರ ಆ ಮಂಗಳೂರಿನಲ್ಲಿ ಒಂದು ತಿಂಗಳು ಯಾರ ಕೈಯಲ್ಲಿತ್ತು? ಲಕೋಟೆಯ ಅಂಟು ಹೇಗಿತ್ತೆಂದು ನೋಡಿದಿರಾ?

ಇದನ್ನು ಬರೆದ ಮೇಲೆ ನನಗೇ ನಾಚಿಕೆಯಾಗುತ್ತದೆ. ಆದರೂ ಅಳಿಸುವುದಿಲ್ಲ.

ಮಾಸ್ತರ, ನನಗೆ ಏನೋ ಆಗುತ್ತಿದೆ. ಎದೆ ಕಾರಣವಿಲ್ಲದೆ ಹಲಗೆಯಂತೆ ಬಡಿದುಕೊಳ್ಳುತ್ತದೆ. ಕೈ ನಡುಗಿ ತಂತಿ ಜಾರುತ್ತದೆ. ಮೇಸ್ತ್ರಿ ಮತ್ತು ಅವನ ಜೊತೆಯವರು ತಮ್ಮ ಭಾಷೆಯಲ್ಲಿ ನಗುತ್ತಾರೆ. ನನ್ನ ಹೆಸರು ಮಾತ್ರ ಅದರಲ್ಲಿ ಕೇಳಿಸುತ್ತದೆ. ನಾನು ಟ್ರಂಕಿನ ಕೀಲಿಗೆ ಒಂದು ನೂಲು ಕಟ್ಟಿ ಹೋಗುತ್ತೇನೆ. ಸಂಜೆ ಬಂದು ನೋಡಿದರೆ ಎರಡು ಸಲ ನೂಲು ಕಡಿದಿತ್ತು. ಸಾರಿನಲ್ಲಿ ಒಂದು ವಾಸನೆ ಬರುತ್ತದೆ, ಅದು ಸಾರಿನದಲ್ಲ. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿದೆ. ಕೇಳಿದರೆ, "ಯಾಕೆ ಬೇಕು?" ಎನ್ನುತ್ತಾರೆ. ಇದು ಸಂಶಯವಲ್ಲ, ನಿಜ. ಒಂದು ನಿಜವಾದರೆ ಉಳಿದದ್ದೂ ನಿಜವಿರಬಹುದಲ್ಲವೇ?

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಅವ್ವ ಎಲ್ಲವನ್ನೂ ಪೂರ್ತಿ ಹೇಳುತ್ತಾಳೆ. ನಮ್ಮವ್ವ ಯಾವ ಮಾತನ್ನೂ ಕೊನೆ ಮುಟ್ಟಿಸಿದವಳಲ್ಲ, ಅರ್ಧಕ್ಕೇ ಮರೆಯುವವಳು.

ಡಿಸೆಂಬರ್ 12, ಶುಕ್ರವಾರ, ನನಗೆ ರಜೆ. ಅಲ್ಲಿಯ ಹಗಲು ಹನ್ನೊಂದಕ್ಕೆ ಅವ್ವನನ್ನು ಕುಕನೂರಿನ ಫೋನ್ ಬೂತಿಗೆ ಕರೆತನ್ನಿ. ಆಕೆಯ ದನಿ ಕೇಳಿದರೆ ನಾನು ಸರಿಹೋಗುತ್ತೇನೆ.

ಹೊನ್ನೂರಪ್ಪ

*

ಮಂಗಳೂರು, ಯಲಬುರ್ಗಾ ತಾಲೂಕು
20 ಡಿಸೆಂಬರ್ 1997

ಚಿರಂಜೀವಿ ಹೊನ್ನೂರಪ್ಪನಿಗೆ,

ಫೋನಿನ ಆ ದಿನ ಬಸ್ಸೇ ಬರಲಿಲ್ಲ. ಬಂದರೂ ನಿನ್ನ ತಾಯಿ ಹತ್ತುತ್ತಿರಲಿಲ್ಲವೆನ್ನು. "ಆ ಡಬ್ಬಿಯೊಳಗ ಮಾತಾಡಿದ್ರ ಉಸರು ಹೊಕ್ಕೈತಿ" ಎಂದು ಹಟ ಹಿಡಿದಿದ್ದಳು. ಈಗ ಆಕೆಯ ಮಾತನ್ನೇ ಕೇಳು:

"ಮಗನೇ, ನನ್ನ ಒಡಲ ದೀಪವೇ! ನೀನು ದೂರವಿದ್ದರೇನು, ನನ್ನ ಹರಕೆ ನಿನ್ನ ಬೆನ್ನಿಗೆ ಕವಚ. ಸಂಶಯವೆಂಬ ಸರ್ಪಕ್ಕೆ ಹಾಲೆರೆಯಬೇಡ. ಉಂಡು, ದುಡಿದು, ನಗುತ್ತಿರು. ನಾನು ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದೇನೆ."

ಎಲ್ಲರೂ ಕ್ಷೇಮ. ಎಮ್ಮೆ ಹಾಲು ಕೊಡುತ್ತಿದೆ. ಜ್ವಾಳ ಆಳೆತ್ತರ ನಿಂತಿದೆ.

ಗವಿಸಿದ್ದಪ್ಪ

(ಹಂಪವ್ವ, ಬಲಗೈ ಹೆಬ್ಬೆಟ್ಟು)

*

ಮಸ್ಕತ್
16 ಜನವರಿ 1998

ಮಾಸ್ತರ,

ಇದು ಯಾರ ಹೆಬ್ಬೆಟ್ಟು?

ಕುಡಗೋಲಿನ ಗೆರೆ ಇಲ್ಲ. ಹಿಂದಿನ ಏಳು ಪತ್ರಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹಾಕಿ ನೋಡಿದೆ. ಏಳರಲ್ಲೂ ಗೆರೆ ಇದೆ. ಎಂಟನೆಯದರಲ್ಲಿ ಇಲ್ಲ. ಬೆರಳೂ ಸಣ್ಣದು, ಎಳೆಯದು. ಶಬ್ಬೀರಸಾಬನಿಗೆ ತೋರಿಸಿದರೆ, "ಮಸಿ ಹೆಚ್ಚಾಗಿರಬೇಕು ಬಿಡೋ" ಅಂದ. ಅವನೂ ನಿಮ್ಮ ಕಡೆಯವನೇ?

ಒಂಬತ್ತು ವರ್ಷ ನಿಮ್ಮ ನಾಟಕಕ್ಕೆ ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಹೇಳಿಕೊಟ್ಟಿದ್ದೇನೆ. ಯಾರ ಮಾತು ಯಾರ ಬಾಯಿಗೆ ಬಂದರೂ ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. 'ಒಡಲ ದೀಪವೇ' ಎಂಬುದು ನೀವೇ ಬರೆದ ನಾಟಕದಲ್ಲಿ ರಾಣಿ ಸೆರೆಮನೆಯಲ್ಲಿ ಆಡುವ ಮಾತು. 'ಸಂಶಯವೆಂಬ ಸರ್ಪ' ಮಂತ್ರಿಯದು. ಅವ್ವ ನನ್ನನ್ನು 'ಮಗನೇ' ಎಂದು ಯಾವಾಗ ಕರೆದಿದ್ದಳು? ಆಕೆಗೆ ನಾನು 'ಹೊನ್ಯಾ'.

ಮತ್ತೆ, ಸಂಶಯದ ಮಾತು ಆಕೆಗೆ ಹೇಗೆ ತಿಳಿಯಿತು? ಆ ಪತ್ರವನ್ನು ಆಕೆಯ ಮುಂದೆ ಓದಬೇಡಿ ಎಂದಿದ್ದೆನಲ್ಲ.

ನಮ್ಮವ್ವ ಎಲ್ಲಿ?

ಹೊನ್ನೂರಪ್ಪ

*

ಮಂಗಳೂರು, ಯಲಬುರ್ಗಾ ತಾಲೂಕು
10 ಫೆಬ್ರವರಿ 1998

ಎಲವೋ ಹೊನ್ನೂರಪ್ಪಾ!

ಯಾರಿಗೆ ಬರೆಯುತ್ತಿದ್ದೀಯೆಂಬ ಎಚ್ಚರವಿದೆಯೇ? ನಿನ್ನ ಅಪ್ಪ ತೀರಿದಾಗ ನಿನಗೆ ಮೊದಲ ಅಂಗಿ ಹೊಲಿಸಿದವನು ನಾನು. ಮೂರು ತಾಲೂಕಿನ ರಂಗದ ಮೇಲೆ ಗುಡುಗಿದ ಈ ಗಂಟಲನ್ನು ಸುಳ್ಳುಗಾರನ ಗಂಟಲು ಎನ್ನುತ್ತೀಯಾ? ಪ್ಯಾಡಿನ ಮಸಿ ಹೆಚ್ಚಾಗಿತ್ತು, ಅಷ್ಟೇ. ಶಬ್ಬೀರಸಾಬ ಹೇಳಿದ್ದೇ ಸರಿ.

ಇಗೋ, ಈ ಸಲ ನೋಡು. ಮಸಿ ಹದವಾಗಿದೆ. ಗೆರೆಯೂ ಇದೆ. ನಿನ್ನ ತಾಯಿಯದೇ ಹೆಬ್ಬೆಟ್ಟು, ನನ್ನ ಕಣ್ಣೆದುರೇ ಬಿದ್ದದ್ದು. ಇನ್ನಾದರೂ ಹೊಟ್ಟೆತುಂಬ ಉಣ್ಣು. ಎಲ್ಲರೂ ಕ್ಷೇಮ, ಕ್ಷೇಮ, ಕ್ಷೇಮ!

ಗವಿಸಿದ್ದಪ್ಪ

(ಹಂಪವ್ವ, ಬಲಗೈ ಹೆಬ್ಬೆಟ್ಟು)

*

ಮಸ್ಕತ್
15 ಮಾರ್ಚ್ 1998

ಮಾಸ್ತರರಿಗೆ ಗಂಗಾವತಿ ಶಬ್ಬೀರಸಾಬನ ಸಲಾಮ್.

ನನಗ ನಿಮ್ಮಂಗ ಬರಿಯಾಕ ಬರಂಗಿಲ್ರಿ. ಮಾತಾಡಿದಂಗ ಬರೀತೀನಿ, ತಪ್ಪು ತಿಳಕೋಬ್ಯಾಡ್ರಿ.

ನೀವು ಕಳಿಸಿದ ಹೆಬ್ಬೆಟ್ಟು ನೋಡಿ ಹೊನ್ನೂರಪ್ಪ ಕೂಗಾಡಲಿಲ್ಲ. ಹಳೇ ಪತ್ರದ ಜೋಡಿ ಇಟ್ಟು ನೋಡಿದ. ಅದಽ ನನಗ ಅಂಜಿಕಿ ಹುಟ್ಟಿಸ್ತು. ಆಮ್ಯಾಲೆ ಅಂದ: "ಶಬ್ಬೀರಣ್ಣ, ಗೆರಿ ಐತಿ. ಬೆಟ್ಟು ಅವ್ವಂದಽ. ಆದ್ರ ಒತ್ತಿದಾಕಿ ಅವ್ವ ಅಲ್ಲ. ಅವ್ವ ಒತ್ತಿದ್ರ ಒಂದು ಬಾಜೂಕ ಜಾರಿ ಮಸಿ ಕದಡ್ತೈತಿ. ಇದು ನೋಡು, ಮುದ್ರಿ ಹೊಡದಂಗ ಐತಿ. ಸತ್ತವರ ಕೈ ಹಿಡಿದು ಹೊಲ ಬರಸ್ಕೊಂತಾರಲ್ಲ, ಹಂಗ."

ನಾನು ಏನು ಹೇಳ್ಲಿರಿ? ನಮ್ಮ ಕಡೆ ಅಂಥಾ ಕಥಿ ಎಷ್ಟು ಕೇಳೀವಿ!

ಅವತ್ತಿನಿಂದ ನಾ ಮಾಡಿದ್ದನ್ನ ಮುಟ್ಟವಲ್ಲ. ಸೀಲ್ ಇದ್ದ ಬಿಸ್ಕೀಟು, ನೀರು, ಅಷ್ಟಽ. "ನಾ ವಿಷಾ ಹಾಕ್ತೀನೇನಲೇ? ಮೂರು ನೂರು ಮಂದಿ ಉಂತಾರ, ನಿನಗೊಬ್ಬಗಽ ಹಾಕಾಕ ನೀ ಏನು ನವಾಬೇನು?" ಅಂತ ಚ್ಯಾಷ್ಟಿ ಮಾಡಿದೆ. ನಗಲಿಲ್ಲ. ಹೋದ ವಾರ ಮೂರನೇ ಅಂತಸ್ತಿನ ಕಟ್ಟಿಗಿ ಕಂಬ ತಬ್ಬಿಕೊಂಡು ನಿಂತುಬಿಟ್ಟ. ಎರಡು ತಾಸು. ಕೆಳಗ ಇದ್ದವರು ಎಳೀತಾರ ಅಂತ ಇಳೀವಲ್ಲ. ನಾ ಹತ್ತಿ, ಕೈಯಾಗ ಕೈ ಹಿಡಕೊಂಡು ಇಳಿಸಿದೆ. ಒಂದು ಹೆಜ್ಜಿ ತಪ್ಪಿದ್ರ ಇಬ್ಬರೂ ಇರ್ತಿರಲಿಲ್ರಿ.

ಇಲ್ಲಿ ಸರಕಾರಿ ದವಾಖಾನ್ಯಾಗ ಮನಸಿನ ಡಾಕ್ಟರು ಒಬ್ಬರು ಅದಾರ, ಹೈದರಾಬಾದಿನವರು. ಕರ್ಕೊಂಡು ಹೋದೆ. ಅವರು ಉರ್ದು, ಇಂವ ಕನ್ನಡ, ನಡುವ ನಾನು. "ಹುಚ್ಚೇನ್ರಿ ಸಾಹೇಬ್ರ?" ಅಂತ ಕೇಳಿದೆ. "ಆ ಮಾತು ಬಿಡು. ಇದು ಕಾಯಿಲೆ, ಇದಕ್ಕ ಹೆಸರೈತಿ, ಗುಳಿಗಿ ಐತಿ. ಮನಿ ಬಿಟ್ಟು ಬಂದವರೊಳಗ ಭಾಳ ನೋಡ್ತೀನಿ" ಅಂದ್ರು. ಆಮ್ಯಾಲೆ ಪತ್ರಗಳನ್ನೆಲ್ಲ ಓದಿಸಿ ಕೇಳಿದ್ರು. "ಇವನ ಸಂಶಯ ಎಲ್ಲಾ ಕಾಯಿಲೆ ಅಲ್ಲ. ಮನಿಯವರು ಏನೋ ಮುಚ್ಚಿಡಾಕ ಹತ್ಯಾರ. ಅವರು ಸುಳ್ಳು ಹೇಳೋತನಕ ನನ್ನ ಗುಳಿಗಿ ನಡಿಯಂಗಿಲ್ಲ" ಅಂದ್ರು.

ಊರಿಗೆ ಹೋಗು ಅಂದ್ರ ವಲ್ಲೆ ಅಂತಾನ. "ಹೋದ್ರ ಮಣ್ಣು ಮಾಡಿದ ಜಾಗ ತೋರಸ್ತಾರ" ಅಂತಾನ. ಗುಳಿಗಿ ಬಾಯಾಗ ಇಟ್ಟುಕೊಂಡು ಆಮ್ಯಾಲೆ ಉಗುಳ್ತಾನ.

ಮಾಸ್ತರ, ಕೈ ಮುಗೀತೀನಿ. ಹಂಪವ್ವ ಇದ್ದರ ಇದ್ದಾಳ ಅನ್ರಿ, ಇಲ್ಲದಿದ್ರ ಇಲ್ಲ ಅನ್ರಿ. ನಿಮ್ಮ ನಾಟಕದಾಗ ನಮ್ಮ ಹುಡುಗ ಸಾಯಾಕ ಹತ್ಯಾನ.

ಶಬ್ಬೀರಸಾಬ

*

ಮಂಗಳೂರು, ಯಲಬುರ್ಗಾ ತಾಲೂಕು
6 ಏಪ್ರಿಲ್ 1998

ಹೊನ್ನೂರಪ್ಪನಿಗೆ, ಮತ್ತು ಇದನ್ನು ಓದಿ ಹೇಳುವ ಶಬ್ಬೀರಸಾಬರಿಗೆ,

ನಿನ್ನ ತಾಯಿ ಬದುಕಿದ್ದಾಳೆ. ಮೊದಲ ಸಾಲಿನಲ್ಲೇ ಬರೆದೆ. ನೀನು ನಂಬುವುದಿಲ್ಲವೆಂದೂ ಬಲ್ಲೆ. ನಂಬಿಕೆಯ ಬಟ್ಟಲನ್ನು ಒಡೆದವನು ನಾನೇ.

ಡಿಸೆಂಬರ್ ಒಂಬತ್ತರಂದು ರೊಟ್ಟಿ ಬಡಿಯುತ್ತ ಕೂತಲ್ಲೇ ಹಂಪವ್ವ ಒರಗಿದಳು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಬಿದ್ದವು. ಲಕ್ವ ಎಂದರು. ಕೊಪ್ಪಳದ ದವಾಖಾನೆಯಲ್ಲಿ ಹದಿನೈದು ದಿನ ಇದ್ದಳು. ನೀನು ಫೋನಿಗೆ ಕಾಯುತ್ತಿದ್ದ ಶುಕ್ರವಾರ ನಾವು ಅಲ್ಲಿದ್ದೆವು.

ಅಷ್ಟರಲ್ಲಿ ನಿನ್ನ ಪತ್ರ ಬಂದಿತ್ತು. ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ ಎಂದು ಬರೆದಿದ್ದೆ. ಅಂಥವನಿಗೆ ಈ ಸುದ್ದಿ ಹೇಗೆ ಹೇಳಲಿ? ದೂರದೇಶದಲ್ಲಿದ್ದವರಿಗೆ ಕೆಟ್ಟದ್ದನ್ನು ಬರೆಯಬಾರದೆಂಬುದು ನಮ್ಮೂರಿನ ರೀತಿ. ಹೊಸಮನಿಯವರು ಅಜ್ಜ ತೀರಿದ್ದನ್ನು ಮಿಲಿಟರಿಯಲ್ಲಿದ್ದ ಮೊಮ್ಮಗನಿಗೆ ಒಂದು ವರ್ಷ ತಿಳಿಸಲಿಲ್ಲ. ಊರೇ ಅವರನ್ನು ಮೆಚ್ಚಿತು. ನಾನೂ ಮೆಚ್ಚಿದ್ದೆ. ಪರದೆ ಎಳೆದು ಹೊಸ ದೃಶ್ಯ ಹೂಡಿದೆ.

ಬಟ್ಟೆ ಒಯ್ಯಲು ಬಂದಿದ್ದ ಕಳಕಮ್ಮನ ಹೆಬ್ಬೆಟ್ಟನ್ನು ಹಿಡಿದು ಒತ್ತಿದವನು ನಾನು. "ಬ್ಯಾಡ್ರಿ ಮಾಸ್ತರ, ಅಣ್ಣಗ ಗೊತ್ತಾಕ್ಕೈತಿ" ಎಂದು ಆಕೆ ಕೈ ಎಳೆದುಕೊಂಡಳು. "ಹೆಬ್ಬೆಟ್ಟು ಯಾರು ನೋಡ್ತಾರ ಹುಚ್ಚಿ!" ಎಂದೆ. ಎರಡನೆಯ ಸಲ ನಿನ್ನ ತಾಯಿಯ ಸತ್ವವಿಲ್ಲದ ಕೈಯನ್ನು ಎತ್ತಿ ಒತ್ತಿಸಿದೆವು. ಅದಕ್ಕೇ ಅದು ಜಾರಲಿಲ್ಲ. ನೀನು ಕಂಡದ್ದು ಸರಿ. ಆ ಬೆರಳಿನಲ್ಲಿ ಜೀವವಿರಲಿಲ್ಲ. ಉಳಿದ ಮೈಯಲ್ಲಿ ಇದೆ.

ಈಗ ಆಕೆಗೆ ಎಲ್ಲದಕ್ಕೂ ಒಂದೇ ಮಾತು, "ಬಾ". ನೀರು ಬೇಕಾದರೂ ಬಾ, ಸಿಟ್ಟು ಬಂದರೂ ಬಾ. ನನ್ನನ್ನು ಮೂರು ತಿಂಗಳಿಂದ "ಬಾ" ಎಂದು ಬೈಯುತ್ತಿದ್ದಾಳೆ. ಆದರೆ ಹೋದ ವಾರ ಕಳಕಮ್ಮ ಬೀಸುವ ಕಲ್ಲಿಗೆ ಕೂತಾಗ, ಮಂಚದ ಮೇಲಿಂದ ಹಾಡು ಬಂತು. ಮಾತು ಹೋದರೂ ಹಾಡು ಉಳಿಯುವುದುಂಟು ಎಂದರು ಕೊಪ್ಪಳದ ಡಾಕ್ಟರು. ನನ್ನ ಟೇಪು ತಂದು ಹಿಡಿದೆ. ಶಬ್ಬೀರಸಾಬರ ಭಾವ ಮಸ್ಕತ್ತಿಗೆ ಹೊರಟಿದ್ದಾರೆ, ಕ್ಯಾಸೆಟ್ಟನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಹಾಡು ಚೆನ್ನಾಗಿ ಬಂದಿಲ್ಲ. ಎರಡು ಸಾಲು ಸರಿಯಾಗಿ ಹಾಡಿದಳು, ಮೂರನೆಯದಕ್ಕೆ ಎಡವಿ ಏನೋ ಎಮ್ಮೆಯ ಮಾತು ಬೆರೆಸಿದಳು. ಮತ್ತೊಮ್ಮೆ ಹಾಡಿಸೋಣ, ನಾನು ಮೂರನೆಯ ಸಾಲು ಹೇಳಿಕೊಡುತ್ತೇನೆ ಎಂದೆ. "ಸಾಕ್ರಿ ನಿಮ್ಮ ತಾಲೀಮು!" ಎಂದು ಕಳಕಮ್ಮ ಕ್ಯಾಸೆಟ್ಟನ್ನು ಕಸಿದುಕೊಂಡಳು. ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಇಷ್ಟು ದೂರ ಹೋಗುವ ವಸ್ತು ಹೀಗೆ ತಪ್ಪಾಗಿ ಹೋಗಬಾರದಿತ್ತು.

ಗವಿಸಿದ್ದಪ್ಪ

*

ಮಸ್ಕತ್
22 ಮೇ 1998

ಮಾಸ್ತರರಿಗೆ ನಮಸ್ಕಾರ.

ಕ್ಯಾಸೆಟ್ಟು ಬಂದು ಮೂರು ವಾರ ಟ್ರಂಕಿನಲ್ಲಿತ್ತು. ಕೀಲಿಗೆ ನೂಲು ಕಟ್ಟಿದ್ದೆ. ಅದು ಹಳೆಯದಿರಬಹುದು, ನಾನು ಊರು ಬಿಡುವ ಮೊದಲೇ ನಿಮ್ಮ ಟೇಪಿನಲ್ಲಿ ಹಿಡಿದದ್ದಿರಬಹುದು ಎಂದುಕೊಂಡೆ. ಕೊನೆಗೆ ಶಬ್ಬೀರಸಾಬ ಟೇಪನ್ನು ತಂದು ನನ್ನ ತೊಡೆಯ ಮೇಲಿಟ್ಟು, "ನೀನಽ ಗುಂಡಿ ಒತ್ತು. ನಾ ಹೊರಗ ಹೊಕ್ಕೀನಿ" ಎಂದ.

ದನಿ ಅವ್ವನದೇ. ಆದರೆ ಅಕ್ಷರಗಳು ಒಂದು ಬದಿಗೆ ವಾಲಿದ್ದವು. ನಾನಿದ್ದಾಗ ಆಕೆಯ ದನಿ ಹಾಗಿರಲಿಲ್ಲ. ಹಾಗಾದರೆ ಇದು ಹಳೆಯದಲ್ಲ.

ಬೀಸೋ ಕಲ್ಲೇ ತಾಯಿ, ಬಿಳಿಜ್ವಾಳ ನುಂಗವ್ವ,
ಹಾಸಿದಂಗ ಹಿಟ್ಟು ಉದುರಲಿ...

ಅಲ್ಲಿಗೆ ನಿಂತಿತು. ಕಲ್ಲು ತಿರುಗುವ ಸಪ್ಪಳ ಮಾತ್ರ. ಆಮೇಲೆ ಬಂತು: "ಮುಂದಿಂದು... ಎಮ್ಮಿ ತಿಂತು."

ನಾನು ಚಿಕ್ಕವನಿದ್ದಾಗಿನಿಂದ ಆಕೆಗೆ ಆ ಮೂರನೆಯ ಸಾಲು ಗೊತ್ತಿಲ್ಲ. "ಮುಂದಿನ ನುಡಿ ಏನಬೇ?" ಎಂದು ಕೇಳಿದರೆ ಎಮ್ಮಿ ತಿಂತು ಎನ್ನುತ್ತಿದ್ದಳು. ಸಂತೆಗೆ ಹೋಗಿ ಏನೋ ತರುವುದು ಮರೆತರೂ ಎಮ್ಮಿ ತಿಂತು. ಅವ್ವನ ಮಾತೆಂದು ನೀವು ಬರೆದ ಯಾವ ಪತ್ರದಲ್ಲೂ ಆ ಎಮ್ಮೆ ಬರಲಿಲ್ಲ. ನೀವು ಅದನ್ನು ಬರೆಯದೆ ಬಿಟ್ಟಿರಬೇಕು.

ತಂಗಿ ಕಳಕಿ ಹೇಳಿಕೊಟ್ಟಿರಬಹುದು ಎಂಬ ಸಂಶಯವೂ ಎರಡು ದಿನ ಕಾಡಿತು. ಡಾಕ್ಟರಿಗೆ ಹೇಳಿದೆ. ಅವರು ನಿಮ್ಮ ಪತ್ರವನ್ನು ಮತ್ತೆ ಓದಿಸಿ, "ಈ ಮಾಸ್ತರು ಆಟ ಕಟ್ಟಿದ್ದರೆ ತಪ್ಪನ್ನು ಹೀಗೆ ಬಿಡುತ್ತಿದ್ದರೇ?" ಎಂದು ಕೇಳಿದರು. ನನಗೆ ನಗು ಬಂತು. ಒಂದು ಸಾಲು ತಪ್ಪಿದ್ದಕ್ಕೆ ಹಾರ್ಮೋನಿಯಂ ಮುಚ್ಚಿಟ್ಟು ಇಡೀ ತಂಡವನ್ನು ಉಪವಾಸ ಕೂರಿಸಿದವರು ನೀವು. ತಪ್ಪಾಗಿ ಹೋಗಬಾರದಿತ್ತು ಎಂದು ಅಷ್ಟು ಹಳಹಳಿಸಿದ್ದೀರಲ್ಲ, ಆ ಪತ್ರದಲ್ಲಿ ನನಗೆ ಪೂರ್ತಿ ನಂಬಿಕೆ ಬಂದದ್ದು ಅದೊಂದೇ ಮಾತಿಗೆ.

ಗುಳಿಗೆ ನುಂಗುತ್ತಿದ್ದೇನೆ. ಉಗುಳುವುದಿಲ್ಲ. ಸಾರಿನ ವಾಸನೆ ಇನ್ನೂ ಬರುತ್ತದೆ, ಬಂದರೂ ಉಣ್ಣುತ್ತೇನೆ. ನೂಲನ್ನು ಈ ವಾರ ಕಟ್ಟಿಲ್ಲ. ಸೆಪ್ಟೆಂಬರಿನಲ್ಲಿ ಬರಬಹುದು ಎಂದಿದ್ದಾರೆ. ಶಬ್ಬೀರಸಾಬ ಜೊತೆಗೆ ಬರುತ್ತಾನೆ.

ಒಂದು ಬೇಡಿಕೆ. ಇನ್ನು ಮೇಲೆ ಕೆಟ್ಟ ಸುದ್ದಿ ಮೊದಲು ಬರೆಯಿರಿ. ಇದ್ದಷ್ಟನ್ನೂ ಬರೆಯಿರಿ. ಕ್ಷೇಮ ಎಂಬ ಮಾತು ಕಂಡರೆ ನನ್ನ ಎದೆ ಮತ್ತೆ ಬಡಿದುಕೊಳ್ಳುತ್ತದೆ.

ಹೊನ್ಯಾ

*

ಮಂಗಳೂರು, ಯಲಬುರ್ಗಾ ತಾಲೂಕು
14 ಜೂನ್ 1998

ಹೊನ್ನೂರಪ್ಪನಿಗೆ,

ಎಮ್ಮೆಯನ್ನು ಡಿಸೆಂಬರಿನಲ್ಲೇ ಮಾರಿದೆವು. ಹಾಲು ಕೊಡುತ್ತಿದೆ ಎಂದು ಬರೆದದ್ದು ಸುಳ್ಳು. ಜ್ವಾಳ ಆಳೆತ್ತರ ನಿಂತಿತ್ತೆಂದದ್ದೂ ಸುಳ್ಳು. ತೆನೆಗೆ ಕಾಡಿಗೆರೋಗ ಬಿದ್ದು ಕಾಳೆಲ್ಲ ಕಪ್ಪಾಗಿತ್ತು.

ನಿನ್ನ ತಾಯಿಯ ಮಾತು ಮರಳಿಲ್ಲ. ಮರಳುತ್ತದೆಂದು ಯಾವ ಡಾಕ್ಟರೂ ಹೇಳಿಲ್ಲ. ಹಿಡಿದುಕೊಂಡರೆ ಬಾಗಿಲತನಕ ನಡೆಯುತ್ತಾಳೆ. ಎರಡು ಸಲ ಬಿದ್ದಿದ್ದಾಳೆ. ಕಳಕಮ್ಮ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಊರಲ್ಲಿ ನಿನ್ನ ಸುದ್ದಿ ಹಬ್ಬಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹನುಮಣ್ಣ, "ಹಂಪವ್ವನ ಮಗಗ ತಲಿ ಕೆಟ್ಟೈತಂತ ಹೌದೇನ್ರಿ?" ಎಂದ. ಇಲ್ಲವೆನ್ನಲು ಬಾಯಿ ತೆರೆದೆ. ಆಮೇಲೆ, "ಹೌದು, ಕಾಯಿಲಿ ಬಂದಿತ್ತು. ಗುಳಿಗಿ ತೊಗೊಳಾಕ ಹತ್ಯಾನ. ಅಷ್ಟಕ್ಕೂ ಅಂವ ಸಂಶಯ ಪಟ್ಟಿದ್ದು ನನ್ನ ಮ್ಯಾಲೆ, ಪಟ್ಟಿದ್ದು ಸರಿ ಇತ್ತು" ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ.

ಇನ್ನೊಂದು ಕೆಟ್ಟ ಸುದ್ದಿ: ನಿನ್ನ ತಾಯಿ ಹೇಳುತ್ತಿದ್ದ ಎಮ್ಮೆಯ ಮಾತನ್ನು ಪ್ರತಿ ಪತ್ರದಲ್ಲೂ ನಾನೇ ಕತ್ತರಿಸುತ್ತಿದ್ದೆ. ಗೌರವವಿಲ್ಲದ ಮಾತು ಎಂದು ಬಿಟ್ಟುಬಿಡುತ್ತಿದ್ದೆ. ಆಕೆ "ಮಾಸ್ತರ, ಎಮ್ಮಿ ಬರದ್ರಿ?" ಎಂದು ಕೇಳುತ್ತಿದ್ದಳು. ಬರೆದೆ ಎನ್ನುತ್ತಿದ್ದೆ.

ಇಷ್ಟನ್ನೂ ಈಗ ಆಕೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕಡೆಗೆ ಅಭ್ಯಾಸಬಲದಿಂದ ಒಂದು ಭರ್ಜರಿ ಸಾಲು ಬರೆಯಹೋದೆ. "ಬಾ!" ಎಂದು ಎಡಗೈಯಿಂದ ಲೇಖನಿಗೆ ಹೊಡೆದಳು. ಮೇಲೆ ಕಾಣುವ ಮಸಿಯ ಗೀಟು ಅದರದೇ.

ಮಸಿಯ ಪ್ಯಾಡನ್ನು ಎಡಗೈಯಿಂದ ತಾನೇ ಎಳೆದುಕೊಂಡು ಎಡಗೈ ಹೆಬ್ಬೆಟ್ಟನ್ನು ಒತ್ತಿದ್ದಾಳೆ. ಯಾರೂ ಹಿಡಿದಿರಲಿಲ್ಲ. ಅರ್ಧ ಕಾಗದದ ಮೇಲೆ, ಅರ್ಧ ಕಟ್ಟೆಯ ಮೇಲೆ ಬಿದ್ದಿದೆ. ಒಂದು ಬದಿಗೆ ಜಾರಿ ಮಸಿ ಕದಡಿದೆ. ಬೇರೆ ಹಾಳೆ ತೆಗೆದು ಚೊಕ್ಕವಾಗಿ ಇನ್ನೊಂದು ಒತ್ತಿಸೋಣವೆನ್ನಿಸಿತು.

ಒತ್ತಿಸಲಿಲ್ಲ.

ಗವಿಸಿದ್ದಪ್ಪ

(ಹಂಪವ್ವ, ಎಡಗೈ)